ಬದುಕೆಂಬ ದುಃಸ್ವಪ್ನ: ಒಂದು ಡೆತ್ ಮೆಟಲ್ ಆಲ್ಬಂನೊಳಗಿನ ತತ್ವಶಾಸ್ತ್ರ

2021ರ ಜುಲೈ 2ರಂದು ಸ್ವೀಡನ್ನಿನ ‘ಆ್ಯಟ್ ದಿ ಗೇಟ್ಸ್’ ತಂಡ ‘ದಿ ನೈಟ್‌ಮೇರ್ ಆಫ್ ಬೀಯಿಂಗ್’ ಎಂಬ ಆಲ್ಬಂ ಹೊರತಂದಿತು. ಹತ್ತು ಹಾಡುಗಳು, ಸುಮಾರು ಮುಕ್ಕಾಲು ಗಂಟೆಯ ಸಂಗೀತ. ಆ ಹೊತ್ತಿನುದ್ದಕ್ಕೂ ತಂಡ ಕೇಳುವ ಪ್ರಶ್ನೆ ಒಂದೇ: ‘ನಾನಿದ್ದೇನೆ, ಒಂದು ದಿನ ಇರುವುದಿಲ್ಲ’ ಎಂಬ ಅರಿವು ಮನುಷ್ಯನಿಗೆ ಬಂದದ್ದು ವರವೋ, ಶಾಪವೋ? ಯುರೋಪಿನ ತತ್ವಜ್ಞಾನಿಗಳಲ್ಲಿ ಒಂದು ಗುಂಪು ಇದಕ್ಕೆ ಮುಲಾಜಿಲ್ಲದೆ ‘ಶಾಪ’ ಎಂದೇ ಉತ್ತರಿಸಿದೆ. ಆ ಚಿಂತನೆಗೆ ತಾತ್ವಿಕ ನಿರಾಶಾವಾದ ಎಂದು ಹೆಸರು. ಇಡೀ ಆಲ್ಬಂ ಅದನ್ನು ಓದಿಕೊಂಡವರು ಬರೆದ ಟಿಪ್ಪಣಿಯಂತಿದೆ.

ಡೆತ್ ಮೆಟಲ್ ಎಂದೊಡನೆ ಹೆಣ, ರಕ್ತ, ಸೈತಾನ, ಕಿವಿಗಡಚಿಕ್ಕುವ ಗದ್ದಲ ಇಷ್ಟೇ ನೆನಪಾಗುವವರಿಗೆ ಇದು ವಿಚಿತ್ರವೆನಿಸಬಹುದು. ನನಗಂತೂ ಈ ಆಲ್ಬಂ ಈ ಪ್ರಕಾರದ ಸಹಜ ಗುರಿಯೇ ಅನ್ನಿಸುತ್ತದೆ. ಮೂವತ್ತು ವರ್ಷ ಸಾವಿನ ಬಗ್ಗೆ ಕಿರುಚಿದವರು ಕೊನೆಗೆ ಸಾವೆಂದರೇನು ಎಂದು ಕುಳಿತು ಯೋಚಿಸದೆ ಇರುವುದು ಹೇಗೆ? ಆದರೆ ಈ ಯೋಚನೆ ಕೇಳುಗನಿಗೆ ತಲುಪಬೇಕಾದರೆ ಸಂಗೀತದ ಹಿನ್ನೆಲೆಯನ್ನೂ ತತ್ವಶಾಸ್ತ್ರದ ಹಿನ್ನೆಲೆಯನ್ನೂ ಸ್ವಲ್ಪ ತಿಳಿದಿರಬೇಕು.

ಮೊದಲು ಸಂಗೀತ. ಡೆತ್ ಮೆಟಲ್ ಹುಟ್ಟಿದ್ದು 1980ರ ದಶಕದ ನಡುವೆ, ಅಮೆರಿಕದಲ್ಲಿ. ಕ್ಯಾಲಿಫೋರ್ನಿಯಾದ ‘ಪೊಸೆಸ್ಡ್’ ಮತ್ತು ಫ್ಲಾರಿಡಾದ ‘ಡೆತ್’ ತಂಡಗಳು ಅದರ ಮೂಲಪುರುಷರು. ಗಿಟಾರಿನ ಶ್ರುತಿಯನ್ನು ತಗ್ಗಿಸಿ ದಪ್ಪ, ಒರಟು ನಾದ ತೆಗೆಯುವುದು, ಎರಡೂ ಕಾಲುಗಳಿಂದ ಬಾಸ್ ಡ್ರಮ್ ಬಾರಿಸುವುದು, ಮಾತು ಸುಲಭಕ್ಕೆ ಗುರುತು ಸಿಗದಂತೆ ಗಂಟಲಿನಿಂದ ಗುಡುಗುವುದು ಇದರ ಲಕ್ಷಣಗಳು. ದಶಕ ಮುಗಿಯುವ ಹೊತ್ತಿಗೆ ಈ ಸಂಗೀತ ಸ್ವೀಡನ್ನಿನ ಹದಿಹರೆಯದ ಹುಡುಗರ ಕೈಗೆ ಸಿಕ್ಕಿತ್ತು. ಕ್ಯಾಸೆಟ್ಟುಗಳನ್ನು ಅಂಚೆಯಲ್ಲಿ ಪರಸ್ಪರ ಕಳುಹಿಸಿಕೊಳ್ಳುವ ಒಂದು ಜಾಲವೇ ಆಗ ಬೆಳೆದಿತ್ತು.

ಕಡಿಮೆ ಜನಸಂಖ್ಯೆಯ ದೇಶವೊಂದರಲ್ಲಿ ಇಷ್ಟೊಂದು ತಂಡಗಳು ಹುಟ್ಟಿದ್ದು ಹೇಗೆ ಎಂಬ ಪ್ರಶ್ನೆ ಆಗಾಗ ಬರುತ್ತದೆ. ಚಳಿ, ಕತ್ತಲು, ವೈಕಿಂಗರ ರಕ್ತ ಎಂದೆಲ್ಲ ಹೇಳುವವರಿದ್ದಾರೆ. ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಕಾರಣ ಅಲ್ಲಿನ ಸಾರ್ವಜನಿಕ ವ್ಯವಸ್ಥೆ. ಸ್ವೀಡನ್ನಿನಲ್ಲಿ ಸ್ಥಳೀಯ ಆಡಳಿತಗಳೇ ಸಂಗೀತ ಶಾಲೆಗಳನ್ನು ನಡೆಸುತ್ತವೆ. ಸಾಮಾನ್ಯ ಕುಟುಂಬದ ಮಕ್ಕಳಿಗೂ ಅಲ್ಲಿ ವಾದ್ಯ ಸಿಗುತ್ತದೆ, ಪಾಠ ಸಿಗುತ್ತದೆ. ಕಾರ್ಮಿಕ ಚಳವಳಿಯಿಂದ ಬೆಳೆದು ಬಂದ ವಯಸ್ಕರ ಶಿಕ್ಷಣ ಸಂಘಗಳಂಥವು ಸರ್ಕಾರದ ನೆರವಿನಿಂದ ಯುವ ತಂಡಗಳಿಗೆ ಅಭ್ಯಾಸದ ಕೊಠಡಿ ಕೊಡುತ್ತವೆ. ನಾಲ್ಕು ಹುಡುಗರು ಸೇರಿ ಗದ್ದಲ ಮಾಡುವುದನ್ನೂ ‘ಅಧ್ಯಯನ’ ಎಂದು ಒಪ್ಪಿಕೊಳ್ಳುವಷ್ಟು ಉದಾರವಾದ ವ್ಯವಸ್ಥೆ ಅದು.

ಅಲ್ಲಿ ಎರಡು ನಗರಗಳು ಎರಡು ದಾರಿ ಹಿಡಿದವು. ಸ್ಟಾಕ್‌ಹೋಮಿನ ‘ಎಂಟೂಂಬ್ಡ್’, ‘ಡಿಸ್ಮೆಂಬರ್’ ತಂಡಗಳು ಸನ್‌ಲೈಟ್ ಸ್ಟುಡಿಯೋದಲ್ಲಿ ಧ್ವನಿಮುದ್ರಣ ಮಾಡಿದವು. ಗಿಟಾರಿನ ನಾದವನ್ನು ಒರಟಾಗಿಸುವ, ಬಾಸ್ ಕಂಪನಿಯ ಎಚ್‌ಎಂ–2 ಎಂಬ ಪೆಡಲಿನ ತಿರುಗಣೆಗಳನ್ನೆಲ್ಲ ಕೊನೆಯವರೆಗೆ ತಿರುಗಿಸಿ ಗರಗಸದಂಥ ಗಿಟಾರ್ ನಾದವನ್ನು ಅವು ಸೃಷ್ಟಿಸಿದವು. ಪಶ್ಚಿಮ ಕರಾವಳಿಯ ಬಂದರು ನಗರ ಗೋಥೆನ್‌ಬರ್ಗ್ ಅದೇ ವೇಗ, ಅದೇ ಕ್ರೌರ್ಯವನ್ನು ಉಳಿಸಿಕೊಂಡು ಒಳಗೆ ರಾಗವನ್ನು ತಂದಿತು. ಎರಡು ಗಿಟಾರುಗಳು ಒಂದೇ ರಾಗವನ್ನು ಬೇರೆ ಬೇರೆ ಸ್ವರಸ್ಥಾನದಿಂದ ಜೊತೆಜೊತೆಯಾಗಿ ನುಡಿಸುವ ಪದ್ಧತಿ ಬ್ರಿಟನ್ನಿನ ‘ಐರನ್ ಮೇಡನ್’ ತಂಡದಿಂದ ಬಂದದ್ದು. 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಆ ತಂಡದ ಕಛೇರಿ ಕೇಳಿದವರಿಗೆ ಈ ಜೋಡಿ ಗಿಟಾರಿನ ಸೊಗಸನ್ನು ಬೇರೆಯಾಗಿ ವಿವರಿಸಬೇಕಿಲ್ಲ. ಗೋಥೆನ್‌ಬರ್ಗಿನ ಹುಡುಗರು ಅದನ್ನು ಇನ್ನಷ್ಟು ವೇಗಗೊಳಿಸಿ, ಸ್ವೀಡಿಷ್ ಜಾನಪದದ ವಿಷಾದವನ್ನು ಬೆರೆಸಿದರು. ‘ಇನ್ ಫ್ಲೇಮ್ಸ್’, ‘ಡಾರ್ಕ್ ಟ್ರಾಂಕ್ವಿಲಿಟಿ’ ಮತ್ತು ‘ಆ್ಯಟ್ ದಿ ಗೇಟ್ಸ್’ ಈ ದಾರಿಯ ಮೂರು ದೊಡ್ಡ ಹೆಸರುಗಳು.

‘ಆ್ಯಟ್ ದಿ ಗೇಟ್ಸ್’ ಹುಟ್ಟಿದ್ದು 1990ರಲ್ಲಿ. ಗಾಯಕ ಟೊಮಾಸ್ ಲಿಂಡ್‌ಬರ್ಗ್, ಅವಳಿ ಸಹೋದರರಾದ ಆಂಡರ್ಸ್ ಮತ್ತು ಯೋನಾಸ್ ಬಿಯೋರ್ಲರ್, ಡ್ರಮ್ಮರ್ ಆಡ್ರಿಯನ್ ಎರ್ಲಾಂಡ್ಸನ್, ಗಿಟಾರಿಗೆ ಆಲ್ಫ್ ಸ್ವೆನ್ಸನ್. 1993ರಲ್ಲಿ ಆಲ್ಫ್ ಹೊರಟಾಗ ಅವರ ಜಾಗಕ್ಕೆ ಮಾರ್ಟಿನ್ ಲಾರ್ಸನ್. 1995ರಲ್ಲಿ ಬಂದ ‘ಸ್ಲಾಟರ್ ಆಫ್ ದಿ ಸೋಲ್’ ಮೆಟಲ್ ಸಂಗೀತದ ಚರಿತ್ರೆಯನ್ನೇ ತಿರುಗಿಸಿದ ಆಲ್ಬಂ. ಮುಂದಿನ ದಶಕದಲ್ಲಿ ಅಮೆರಿಕದಲ್ಲಿ ಎದ್ದ, ಮೆಟಲ್ ಮತ್ತು ಹಾರ್ಡ್‌ಕೋರ್ ಪಂಕ್ ಬೆರೆತ ಮೆಟಲ್‌ಕೋರ್ ಅಲೆಯ ಅರ್ಧದಷ್ಟು ಗಿಟಾರ್ ವಿನ್ಯಾಸಗಳು ಇಲ್ಲಿಂದಲೇ ಹೋದವು ಎಂದರೆ ಹೆಚ್ಚೇನಲ್ಲ. ಆದರೆ ಆ ಯಶಸ್ಸನ್ನು ಅನುಭವಿಸಲು ತಂಡವೇ ಉಳಿದಿರಲಿಲ್ಲ. 1996ರಲ್ಲಿ ಅದು ಒಡೆಯಿತು. ಮತ್ತೆ ಒಂದಾಗಿ ವೇದಿಕೆ ಏರಿದ್ದು 2008ರಲ್ಲಿ, ಹೊಸ ಆಲ್ಬಂ ಬಂದದ್ದು 2014ರಲ್ಲಿ.

ಮರಳಿ ಬಂದವರು ಹಳೆಯ ಯಶಸ್ಸಿನ ನಕಲು ಮಾಡಲಿಲ್ಲ. ಅದಕ್ಕಾಗಿ ನನಗೆ ಈ ತಂಡದ ಮೇಲೆ ಅಪಾರ ಗೌರವ. ಶಾಲಾ ಶಿಕ್ಷಕರಾಗಿಯೂ ಕೆಲಸ ಮಾಡುತ್ತಿದ್ದ ಲಿಂಡ್‌ಬರ್ಗ್ ಗಂಭೀರ ಓದುಗ. ಮರಳಿದ ಮೇಲಿನ ಪ್ರತಿ ಆಲ್ಬಂಗೂ ಅವರು ಒಂದು ಓದಿನ ಲೋಕವನ್ನು ಆಯ್ದುಕೊಂಡರು. 2014ರ ‘ಆ್ಯಟ್ ವಾರ್ ವಿತ್ ರಿಯಾಲಿಟಿ’ಗೆ ಬೋರ್ಹೆಸ್, ಮಾರ್ಕ್ವೆಜ್ ಮೊದಲಾದವರ ಲ್ಯಾಟಿನ್ ಅಮೆರಿಕನ್ ಮಾಂತ್ರಿಕ ವಾಸ್ತವವಾದ. 2018ರ ‘ಟು ಡ್ರಿಂಕ್ ಫ್ರಮ್ ದಿ ನೈಟ್ ಇಟ್‌ಸೆಲ್ಫ್’ಗೆ ನಾಜಿಗಳಿಂದ ತಪ್ಪಿಸಿಕೊಂಡು ಸ್ವೀಡನ್ನಿನಲ್ಲಿ ನೆಲೆಸಿದ ಪೀಟರ್ ವೈಸ್ ಬರೆದ ಮೂರು ಸಂಪುಟಗಳ ಕಾದಂಬರಿ. 2021ರಲ್ಲಿ ನಿರಾಶಾವಾದದ ಸರದಿ ಬಂತು.

ಈ ಆಲ್ಬಂಗೆ ನೇರ ಪ್ರೇರಣೆ ಅಮೆರಿಕದ ಭಯಾನಕ ಕಥೆಗಳ ಲೇಖಕ ಥಾಮಸ್ ಲಿಗೊಟ್ಟಿ 2010ರಲ್ಲಿ ಪ್ರಕಟಿಸಿದ ‘ದಿ ಕಾನ್ಸ್‌ಪಿರಸಿ ಅಗೇನ್ಸ್ಟ್ ದಿ ಹ್ಯೂಮನ್ ರೇಸ್’. ಆಲ್ಬಂನ ಹೆಸರು ಆ ಪುಸ್ತಕದ ಒಂದು ಅಧ್ಯಾಯದ ಹೆಸರೂ ಹೌದು. ಅದು ಕತೆಯಲ್ಲ, ನಿರಾಶಾವಾದಿ ಚಿಂತಕರನ್ನೆಲ್ಲ ಒಂದೆಡೆ ಕೂರಿಸಿ ವಾದ ಮಂಡಿಸುವ ಬರಹ. ಅದರ ಬೆನ್ನೆಲುಬು ನಾರ್ವೆಯ ಒಬ್ಬ ಚಿಂತಕ: ಪೀಟರ್ ವೆಸೆಲ್ ಸಾಪ್ಫೆ. ಇಡೀ ಆಲ್ಬಂಗೆ ಕೀಲಿಕೈ ಇರುವುದು ಅವರಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲಬೇಕು.

ಸಾಪ್ಫೆ 1899ರಲ್ಲಿ, ನಾರ್ವೆಯ ಉತ್ತರದ ತುದಿಯ ಟ್ರೊಮ್ಸೊ ಪಟ್ಟಣದಲ್ಲಿ ಹುಟ್ಟಿದವರು. ಕಾನೂನು ಓದಿದರು, ಪರ್ವತಾರೋಹಿಯಾದರು, ಹಾಸ್ಯ ಬರೆದರು. 1933ರಲ್ಲಿ ‘ಕೊನೆಯ ಮೆಸ್ಸೀಯ’ (ಮೆಸ್ಸೀಯ ಎಂದರೆ ಉದ್ಧಾರಕ) ಎಂಬ ಸಣ್ಣ ಪ್ರಬಂಧ ಬರೆದರು. ಕೆಲವೇ ಪುಟಗಳು. ಅದರ ವಾದ ಹೀಗೆ: ಪ್ರತಿ ಪ್ರಾಣಿಗೂ ಬದುಕಲು ಬೇಕಾದಷ್ಟು ಸಾಮರ್ಥ್ಯವನ್ನು ಪ್ರಕೃತಿ ಕೊಟ್ಟಿದೆ. ಮನುಷ್ಯನ ವಿಷಯದಲ್ಲಿ ಮಾತ್ರ ಅಳತೆ ಮೀರಿದೆ. ಅವನಿಗೆ ಬೇಕಾದದ್ದಕ್ಕಿಂತ ಹೆಚ್ಚು ಪ್ರಜ್ಞೆ ಬಂದುಬಿಟ್ಟಿದೆ. ಪ್ರಾಚೀನ ಕಾಲದಲ್ಲಿ ಒಂದು ಜಾತಿಯ ದೈತ್ಯ ಜಿಂಕೆಗಳ ಕೊಂಬು ಅತಿಯಾಗಿ ಬೆಳೆದು, ಅದರ ಭಾರಕ್ಕೇ ಅವು ಅಳಿದವು ಎಂಬ ನಂಬಿಕೆಯನ್ನು ಅವರು ಉದಾಹರಣೆಯಾಗಿ ಕೊಡುತ್ತಾರೆ. ಮನುಷ್ಯನ ತಲೆಯ ಮೇಲಿನ ಕೊಂಬು ಅವನ ಪ್ರಜ್ಞೆ. ಜಿಂಕೆಗೆ ಹಸಿವಾದಾಗ ಹಸಿವು, ಹುಲಿ ಬಂದಾಗ ಭಯ. ಮನುಷ್ಯನಿಗೆ ಹೊಟ್ಟೆ ತುಂಬಿದ್ದರೂ, ಹುಲಿ ಎಲ್ಲೂ ಇಲ್ಲದಿದ್ದರೂ, ನಡುರಾತ್ರಿ ಎಚ್ಚರವಾಗಿ ಸಾವು ನೆನಪಾಗುತ್ತದೆ. ತನ್ನದಷ್ಟೇ ಅಲ್ಲ, ಮಕ್ಕಳದೂ. ನ್ಯಾಯ ಬೇಕು, ಅರ್ಥ ಬೇಕು ಎಂದು ಅವನು ಕೇಳುತ್ತಾನೆ. ಜಗತ್ತಿನ ಬಳಿ ಕೊಡಲು ಅವೆರಡೂ ಇಲ್ಲ.

ಹಾಗಿದ್ದರೆ ನಾವೆಲ್ಲ ಹುಚ್ಚರಾಗದೆ ಉಳಿದದ್ದು ಹೇಗೆ? ಇದಕ್ಕೆ ಸಾಪ್ಫೆ ಕೊಡುವ ಉತ್ತರವೇ ಪ್ರಬಂಧದ ಜೀವಾಳ. ಹೆಚ್ಚಿನ ಪ್ರಜ್ಞೆಯನ್ನು ನಾವು ಕೃತಕವಾಗಿ ಅದುಮಿಡುತ್ತೇವೆ ಎನ್ನುತ್ತಾರೆ ಅವರು. ಅದಕ್ಕೆ ನಾಲ್ಕು ದಾರಿಗಳಿವೆ. ಒಂದು, ಪ್ರತ್ಯೇಕಿಸುವುದು: ಕಳವಳ ಹುಟ್ಟಿಸುವ ಯೋಚನೆಗಳನ್ನು ಮಾತಿಗೇ ತರದಿರುವುದು. ಮಗು ಸಾವಿನ ಬಗ್ಗೆ ಕೇಳಿದಾಗ ದೊಡ್ಡವರು ‘ಬಿಡ್ತು ಅನ್ನು’ ಎಂದು ಬಾಯಿ ಮುಚ್ಚಿಸುತ್ತಾರಲ್ಲ, ಅದೇ. ಎರಡು, ಲಂಗರು ಹಾಕುವುದು: ದೇವರು, ದೇಶ, ಮನೆತನ, ನೌಕರಿ, ನೈತಿಕತೆ ಹೀಗೆ ಏನನ್ನಾದರೂ ಗಟ್ಟಿಯೆಂದು ನಂಬಿ ಅದಕ್ಕೆ ಬದುಕನ್ನು ಕಟ್ಟಿಹಾಕುವುದು. ಮೂರು, ಗಮನವನ್ನು ಬೇರೆಡೆ ಹರಿಸುವುದು: ಮನಸ್ಸಿಗೆ ಬಿಡುವೇ ಸಿಗದಂತೆ ಹೊಸ ಹೊಸ ಅನುಭವಗಳನ್ನು ತುಂಬುತ್ತಲೇ ಇರುವುದು. 1933ರಲ್ಲಿ ಬರೆದ ಈ ಮಾತಿಗೆ ಇವತ್ತು ಕೈಯಲ್ಲಿರುವ ಮೊಬೈಲ್‌ಗಿಂತ ದೊಡ್ಡ ಸಾಕ್ಷಿ ಬೇಡ. ನಾಲ್ಕನೆಯದು ಬೇರೆ ಬಗೆಯದು, ಅಪರೂಪದ್ದು. ಅದನ್ನು ಅವರು ಉದಾತ್ತೀಕರಣ ಎನ್ನುತ್ತಾರೆ: ದುಃಖದಿಂದ ಓಡದೆ, ಅದನ್ನೇ ಎದುರಿಗಿಟ್ಟುಕೊಂಡು, ಕಲೆಯಾಗಿ ಮಾರ್ಪಡಿಸುವುದು. ಈ ಪ್ರಬಂಧವೂ ಅದೇ ನಾಲ್ಕನೆಯ ದಾರಿಯ ಒಂದು ಉದಾಹರಣೆ ಎಂದು ಸಾಪ್ಫೆ ತಾವೇ ಒಪ್ಪಿಕೊಳ್ಳುತ್ತಾರೆ.

ಸಾಪ್ಫೆಗಿಂತ ನೂರು ವರ್ಷ ಹಿಂದಕ್ಕೆ ಹೋದರೆ ಜರ್ಮನಿಯ ಶೋಪೆನ್‌ಹಾವರ್ ಸಿಗುತ್ತಾರೆ. ಜಗತ್ತಿನ ಆಳದಲ್ಲಿರುವುದು ದೇವರೂ ಅಲ್ಲ, ಬುದ್ಧಿಯೂ ಅಲ್ಲ. ಗುರಿಯಿಲ್ಲದ, ತಣಿವಿಲ್ಲದ ಒಂದು ಕುರುಡು ಇಚ್ಛೆ ಎಂದವರು ಅವರು. ಬಯಸಿದ್ದು ಸಿಗುವ ತನಕ ನೋವು, ಸಿಕ್ಕ ಮೇಲೆ ಬೇಸರ; ಬದುಕು ಈ ಎರಡರ ನಡುವೆ ಲೋಲಕದಂತೆ ತೂಗುತ್ತದೆ ಎಂಬುದು ಅವರ ಪ್ರಸಿದ್ಧ ಮಾತು. ಇಲ್ಲಿ ಭಾರತಕ್ಕೂ ಒಂದು ನಿಜವಾದ ನಂಟಿದೆ. 1657ರಲ್ಲಿ ಮೊಗಲ್ ರಾಜಕುಮಾರ ದಾರಾ ಶಿಕೋ ಉಪನಿಷತ್ತುಗಳನ್ನು ಪರ್ಷಿಯನ್ ಭಾಷೆಗೆ ತಂದರು. ಅದನ್ನು ಫ್ರಾನ್ಸಿನ ವಿದ್ವಾಂಸ ಆಂಕ್ವೆಟಿಲ್ ದ್ಯುಪೆರೋನ್ ಲ್ಯಾಟಿನ್ನಿಗೆ ತಿರುಗಿಸಿ 1801–02ರಲ್ಲಿ ಪ್ರಕಟಿಸಿದರು. ಆ ಲ್ಯಾಟಿನ್ ಪುಸ್ತಕವನ್ನು ಶೋಪೆನ್‌ಹಾವರ್ ಜೀವನದುದ್ದಕ್ಕೂ ಓದಿದರು, ಅದು ತಮ್ಮ ಬದುಕಿನ ಸಮಾಧಾನ ಎಂದು ಬರೆದರು.

ಇದನ್ನು ಕೇಳಿದ ಕೂಡಲೇ ‘ಇದೆಲ್ಲ ನಮ್ಮ ವೈರಾಗ್ಯವೇ ಅಲ್ಲವೇ, ಬುದ್ಧ ಹೇಳಿದ ದುಃಖವೇ ಅಲ್ಲವೇ’ ಎಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಅಂತರ ದೊಡ್ಡದು. ಬುದ್ಧ ದುಃಖವನ್ನು ಹೇಳಿ, ಅದರ ಕಾರಣ ಹೇಳಿ, ಅದರ ಕೊನೆ ಹೇಳಿ, ಕೊನೆಗೆ ಮುಟ್ಟುವ ಮಾರ್ಗವನ್ನೂ ಹೇಳಿದ. ಶೋಪೆನ್‌ಹಾವರ್ ಕೂಡ ಇಚ್ಛೆಯನ್ನು ತೊರೆಯುವುದರಲ್ಲಿ ಬಿಡುಗಡೆಯಿದೆ ಎಂದರು. ಸಾಪ್ಫೆ ಮತ್ತು ಲಿಗೊಟ್ಟಿ ಮೊದಲ ಮಾತಿನ ಮೇಲೆಯೇ ನಿಂತುಬಿಡುತ್ತಾರೆ. ದುಃಖವಿದೆ, ಬಾಗಿಲಿಲ್ಲ. ಮನುಷ್ಯರು ತಾವು ಗೊಂಬೆಗಳೆಂದು ಅರಿತುಬಿಟ್ಟ ಗೊಂಬೆಗಳು ಎಂಬುದು ಲಿಗೊಟ್ಟಿ ಮತ್ತೆ ಮತ್ತೆ ತರುವ ಚಿತ್ರ. ಸೂತ್ರ ಹಿಡಿದವನೂ ಇಲ್ಲ ಎಂಬಲ್ಲಿ ಅದು ಇನ್ನಷ್ಟು ಭಯಂಕರವಾಗುತ್ತದೆ.

ಆಲ್ಬಂನಲ್ಲಿ ಇನ್ನೂ ಕೆಲವರ ನೆರಳಿದೆ. ‘ದಿ ಫಾಲ್ ಇಂಟು ಟೈಮ್’ ಹಾಡು ರೊಮೇನಿಯಾದಲ್ಲಿ ಹುಟ್ಟಿ ಫ್ರೆಂಚಿನಲ್ಲಿ ಬರೆದ ಎಮಿಲ್ ಸಿಯೊರಾನ್‌ನ ಪುಸ್ತಕದ ಹೆಸರನ್ನು ಹೊತ್ತಿದೆ. ‘ಗಾರ್ಡನ್ ಆಫ್ ಸೈರಸ್’ 17ನೆಯ ಶತಮಾನದ ಇಂಗ್ಲಿಷ್ ವೈದ್ಯ, ಗದ್ಯಲೇಖಕ ಥಾಮಸ್ ಬ್ರೌನ್‌ನ ಕೃತಿಯ ಹೆಸರು. ‘ಕಾಸ್ಮಿಕ್ ಪೆಸಿಮಿಸಂ’ ಅಮೆರಿಕದ ಚಿಂತಕ ಯೂಜೀನ್ ಥ್ಯಾಕರ್ ಅವರ ಪುಸ್ತಕದ್ದು. ಥ್ಯಾಕರ್ ಹೇಳುವುದು ಸರಳ, ಆದರೆ ಅರಗಿಸಿಕೊಳ್ಳುವುದು ಕಷ್ಟ. ನಮಗಾಗಿ ಇರುವ ಜಗತ್ತು ಒಂದು, ತನ್ನಷ್ಟಕ್ಕೆ ತಾನಿರುವ ಜಗತ್ತು ಇನ್ನೊಂದು, ನಾವೇ ಇಲ್ಲದ ಜಗತ್ತು ಮತ್ತೊಂದು. ಮೂರನೆಯದನ್ನು ಯೋಚಿಸಲು ಹೊರಟಾಗ ನಮ್ಮ ಯೋಚನೆಯೇ ತಡವರಿಸುತ್ತದೆ, ಆ ತಡವರಿಕೆಯೇ ನಿಜವಾದ ಭಯ ಎನ್ನುತ್ತಾರೆ ಅವರು.

ಇಷ್ಟೆಲ್ಲ ಹೆಸರುಗಳನ್ನು ಹಾಡಿನೊಳಗೆ ತಂದ ಮಾತ್ರಕ್ಕೆ ಒಂದು ಆಲ್ಬಂ ತಾತ್ವಿಕವಾಗುವುದಿಲ್ಲ. ಪುಸ್ತಕದ ಕಪಾಟನ್ನು ತೋರಿಸಿ ಮೆಚ್ಚುಗೆ ಗಳಿಸುವ ತಂಡಗಳು ಮೆಟಲ್‌ನಲ್ಲಿ ಬಹಳ ಇವೆ. ಇಲ್ಲಿ ಯೋಚನೆ ನಾದದೊಳಗೆ ಇಳಿದಿದೆ ಎಂಬುದೇ ನನ್ನ ಮುಖ್ಯ ಮಾತು. ಶೋಪೆನ್‌ಹಾವರ್ ಸಂಗೀತಕ್ಕೆ ಬೇರೆಲ್ಲ ಕಲೆಗಳಿಗಿಂತ ಎತ್ತರದ ಜಾಗ ಕೊಟ್ಟಿದ್ದರು. ಚಿತ್ರ, ಶಿಲ್ಪ, ಕಾವ್ಯ ಜಗತ್ತಿನ ರೂಪಗಳನ್ನು ತೋರಿಸುತ್ತವೆ. ಸಂಗೀತವಾದರೋ ಆ ಕುರುಡು ಇಚ್ಛೆಯ ನೇರ ಪ್ರತಿರೂಪ ಎಂಬುದು ಅವರ ಸಿದ್ಧಾಂತ. ಅವರ ಕಿವಿಯಲ್ಲಿದ್ದದ್ದು ಮೊಜಾರ್ಟ್, ರೊಸ್ಸಿನಿ. ಆದರೆ ನಿಲ್ಲದೆ ಬಡಿಯುವ ಡ್ರಮ್, ಒಂದೇ ತಂತಿಯ ಮೇಲೆ ಅವಿರತವಾಗಿ ನಡುಗುವ ಗಿಟಾರ್, ಎಲ್ಲಿಗೆ ಎಂದು ಕೇಳದೆ ಮುನ್ನುಗ್ಗುವ ವೇಗ ಇವುಗಳನ್ನು ಕೇಳಿದಾಗ ತಣಿವಿಲ್ಲದ ಇಚ್ಛೆ ಎಂಬ ಮಾತಿಗೆ ಇದಕ್ಕಿಂತ ಹತ್ತಿರದ ನಾದ ಇನ್ನೊಂದಿಲ್ಲ ಅನ್ನಿಸುತ್ತದೆ.

ಲಿಂಡ್‌ಬರ್ಗ್ ಅವರ ಕಂಠವೂ ಇದಕ್ಕೆ ಹೇಳಿ ಮಾಡಿಸಿದ್ದು. ಡೆತ್ ಮೆಟಲ್ ಗಾಯಕರಲ್ಲಿ ಹೆಚ್ಚಿನವರು ತೀರ ತಗ್ಗಿನ ದನಿಯಲ್ಲಿ ಗುಡುಗುತ್ತಾರೆ. ಅದು ರಾಕ್ಷಸನ ದನಿಯಂತೆ ಕೇಳಿಸುತ್ತದೆ. ಲಿಂಡ್‌ಬರ್ಗ್ ಅವರದು ಮೇಲಿನ ಸ್ಥಾಯಿಯ, ಒಣಗಿ ಬಿರಿದ ಚೀತ್ಕಾರ. ಹೆದರಿಸುವವನದಲ್ಲ, ಹೆದರಿದವನ ದನಿ. ಬೇರೆ ಗಾಯಕ ಹಾಡಿದ್ದರೆ ಈ ಸಾಹಿತ್ಯ ಉಪನ್ಯಾಸವಾಗುವ ಅಪಾಯವಿತ್ತು. ಈ ಕಂಠದಲ್ಲಿ ಅದು ಸಾಕ್ಷಿ ಹೇಳಿಕೆಯಾಗುತ್ತದೆ.

ವಾದ್ಯಗಳ ಕಡೆ ನೋಡಿದರೆ, ಮುಖ್ಯ ಸಂಯೋಜಕ ಯೋನಾಸ್ ಬಿಯೋರ್ಲರ್ ಮೆಟಲ್‌ನ ಹೊರಗಿನ ದಾರಿಗಳನ್ನು ಧಾರಾಳವಾಗಿ ತುಳಿದಿದ್ದಾರೆ. ಉದ್ದ, ಜಟಿಲ ರಚನೆಗಳಿಗೆ ಹೆಸರಾದ 1970ರ ದಶಕದ ಪ್ರೋಗ್ರೆಸಿವ್ ರಾಕ್, ವಿಶೇಷವಾಗಿ ‘ಕಿಂಗ್ ಕ್ರಿಮ್ಸನ್’ ತಂಡದ ಗುರುತು ಸ್ಪಷ್ಟವಾಗಿದೆ. ‘ಗಾರ್ಡನ್ ಆಫ್ ಸೈರಸ್’ನಲ್ಲಿ ಸ್ಯಾಕ್ಸೋಫೋನ್ ಬರುತ್ತದೆ. ಅದೂ ಅಲಂಕಾರಕ್ಕಲ್ಲ, ನಿಧಾನಗತಿಯ ತಾಳದ ಮೇಲೆ ನಿದ್ದೆಗೆಟ್ಟವನಂತೆ ಅಲೆಯುತ್ತದೆ. ‘ದಿ ಫಾಲ್ ಇಂಟು ಟೈಮ್’ ವಾದ್ಯವೃಂದದ ಗಂಭೀರ ನಾದದೊಂದಿಗೆ ಮೊದಲಾಗುತ್ತದೆ. ‘ಕಾಸ್ಮಿಕ್ ಪೆಸಿಮಿಸಂ’ನಲ್ಲಿ ಮಾತು ಹಾಡಿಗಿಂತ ಮುಂದೆ ನಿಲ್ಲುತ್ತದೆ, ಹಿಂದೆ ತಾಳ ಯಂತ್ರದಂತೆ ಒಂದೇ ಗತಿಯಲ್ಲಿ ಸಾಗುತ್ತದೆ, ನಾವಿದ್ದರೂ ಇಲ್ಲದಿದ್ದರೂ ಸಾಗುವ ಜಗತ್ತಿನ ಹಾಗೆ. ಥ್ಯಾಕರ್ ಅವರ ಮೂರನೆಯ ಜಗತ್ತು ಆ ಗತಿಯಲ್ಲಿ ಕೇಳಿಸುತ್ತದೆ.

ಇಂಥ ಸಂಗೀತ ಕೇಳುವ ಮಕ್ಕಳು ಬದುಕಿನಲ್ಲಿ ಆಸೆ ಕಳೆದುಕೊಳ್ಳುವುದಿಲ್ಲವೇ ಎಂದು ಪಾಲಕರು ಕೇಳಬಹುದು. ಪ್ರಶ್ನೆ ಸಹಜ, ತಳ್ಳಿಹಾಕುವಂಥದ್ದಲ್ಲ. ಲಿಂಡ್‌ಬರ್ಗ್ ಸಂದರ್ಶನಗಳಲ್ಲಿ ಇದನ್ನು ನೇರವಾಗಿಯೇ ಎದುರಿಸಿದರು: ನಿರಾಶಾವಾದವನ್ನು ಪ್ರಚಾರ ಮಾಡುವುದು ತಮ್ಮ ಉದ್ದೇಶವಲ್ಲ, ಅದನ್ನು ಅರಿಯಲು, ಅದರ ಕಣ್ಣಿನಿಂದ ಒಮ್ಮೆ ಜಗತ್ತನ್ನು ನೋಡಲು ಹೊರಟದ್ದು ಎಂಬರ್ಥದ ಮಾತುಗಳನ್ನು ಆಡಿದರು. ಸಾಪ್ಫೆಯ ಬದುಕು ನೋಡಿದರೂ ಇದು ತಿಳಿಯುತ್ತದೆ. ಮನುಷ್ಯಕುಲ ಮಕ್ಕಳನ್ನು ಹೆರುವುದನ್ನು ನಿಲ್ಲಿಸಿ ಮೌನವಾಗಿ ಹಿಂದೆ ಸರಿಯಲಿ ಎಂದು ಬರೆದ ಆ ಮನುಷ್ಯ 90 ವರ್ಷ ಬದುಕಿದರು, ಬೆಟ್ಟಗಳನ್ನು ಹತ್ತಿದರು, ನಾರ್ವೆಯ ಕಾಡು ಬೆಟ್ಟಗಳನ್ನು ಉಳಿಸಲು ಹೋರಾಡಿದರು. ಮಕ್ಕಳು ಬೇಡವೆಂಬ ನಿಲುವಿಗೆ ಮಾತ್ರ ತಮ್ಮ ಬದುಕಿನಲ್ಲೂ ಬದ್ಧರಾಗಿದ್ದರು. ಕೆಟ್ಟದ್ದನ್ನು ಪೂರ್ತಿ ಯೋಚಿಸಿ ಮುಗಿಸಿದವನಿಗೆ ಒಂದು ಬಗೆಯ ಹಗುರ ಸಿಗುತ್ತದೆ. ನಮ್ಮಲ್ಲಿ ಸ್ಮಶಾನ ವೈರಾಗ್ಯ ಎನ್ನುತ್ತೇವಲ್ಲ, ಚಿತೆ ಆರುವ ಮೊದಲೇ ಕರಗುವ ವಿರಕ್ತಿ, ಇವರದು ಅದಲ್ಲ. ಇದು ಚಿತೆ ಆರಿದ ಮೇಲೂ ಅಲ್ಲೇ ನಿಂತು ಯೋಚಿಸುವವರ ಗುಂಪು. ಆದರೆ ಮನಸ್ಸು ಈಗಾಗಲೇ ಕುಸಿದಿರುವವರಿಗೆ ಈ ಸಂಗೀತವೇ ಮದ್ದು ಎಂದು ನಾನು ಹೇಳಲಾರೆ. ಅವರಿಗೆ ಮೊದಲು ಬೇಕಾದದ್ದು ಮನುಷ್ಯರ ಜೊತೆ ಮತ್ತು ವೈದ್ಯರು.

ಟೊಮಾಸ್ ಲಿಂಡ್‌ಬರ್ಗ್ 2025ರ ಸೆಪ್ಟೆಂಬರ್‌ನಲ್ಲಿ, 52ನೆಯ ವಯಸ್ಸಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ರೋಗ ಅವರ ಬಾಯಿಯ ಭಾಗವನ್ನೇ ಹಿಡಿದಿತ್ತು. ಶಸ್ತ್ರಚಿಕಿತ್ಸೆಗೆ ಹೋಗುವ ಮೊದಲು ಇನ್ನೊಂದು ಆಲ್ಬಂಗೆ ಅವರು ಧ್ವನಿಮುದ್ರಣ ಮಾಡಿ ಹೋದರು. ಸಾವನ್ನು ದೂರದಿಂದ ಓದಿ ಬರೆದ ಕೃತಿ ಎಂದು 2021ರಲ್ಲಿ ಯಾರಿಗಾದರೂ ಅನ್ನಿಸಿದ್ದರೆ, ಇವತ್ತು ಅದನ್ನು ಹಾಗೆ ಕೇಳಲಾಗದು. ಸಾಪ್ಫೆಯ ನಾಲ್ಕನೆಯ ದಾರಿಯ ಬಗ್ಗೆ ಹಾಡಿದವರು ಕೊನೆಯವರೆಗೂ ಅದೇ ದಾರಿಯಲ್ಲಿ ನಡೆದರು.

ಈ ಸಂಗೀತಕ್ಕೆ ಹೊಸಬರಾದವರು ಆಲ್ಬಂನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿಗೆ ಕೇಳಬೇಕಿಲ್ಲ. ‘ಗಾರ್ಡನ್ ಆಫ್ ಸೈರಸ್’ನಿಂದ ಆರಂಭಿಸಿ. ಅದರ ವೇಗ ಕಡಿಮೆ, ಸ್ಯಾಕ್ಸೋಫೋನ್ ಕೈಹಿಡಿದು ಒಳಗೆ ಕರೆದುಕೊಳ್ಳುತ್ತದೆ. ನಂತರ ಮೊದಲ ಹಾಡು ‘ಸ್ಪೆಕ್ಟರ್ ಆಫ್ ಎಕ್ಸ್‌ಟಿಂಕ್ಷನ್’. ಮೆಲುವಾದ ಗಿಟಾರಿನಿಂದ ಹೊರಟು ಪೂರ್ಣ ವೇಗಕ್ಕೆ ಏರುವ ಆ ಹಾಡಿನಲ್ಲಿ ಗೋಥೆನ್‌ಬರ್ಗ್ ಶೈಲಿಯ ಸಾರವೆಲ್ಲ ಇದೆ. ಸಾಹಿತ್ಯವನ್ನು ಎದುರಿಗಿಟ್ಟುಕೊಂಡೇ ಕೇಳಿ, ಇಲ್ಲವಾದರೆ ಅರ್ಧ ಕೈತಪ್ಪುತ್ತದೆ. ‘ದಿ ಫಾಲ್ ಇಂಟು ಟೈಮ್’ ಮತ್ತು ‘ಕಾಸ್ಮಿಕ್ ಪೆಸಿಮಿಸಂ’ಗಳನ್ನು ಸಾಪ್ಫೆಯ ಪ್ರಬಂಧ ಓದಿದ ಮೇಲೆ ಕೇಳಿದರೆ ಹೆಚ್ಚು ದಕ್ಕುತ್ತವೆ. ಅದರ ಇಂಗ್ಲಿಷ್ ಅನುವಾದ ಸಿಗುತ್ತದೆ, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು.